62ರಿಂದ ಹಿಂದಕ್ಕೆ ಎಣಿಸಿದರೆ: ಹೈಕೋರ್ಟ್ ಪೀಠಕ್ಕೆ ಮಹಿಳೆಯರ ದಾರಿ

ಹೈಕೋರ್ಟ್ ನ್ಯಾಯಮೂರ್ತಿಗಳು 62ಕ್ಕೆ ನಿವೃತ್ತರಾಗುತ್ತಾರೆ. ಈ ಒಂದು ಸಂಖ್ಯೆಯಿಂದ ಹಿಂದಕ್ಕೆ ಎಣಿಸುತ್ತ ಬಂದರೆ ಪೀಠದಲ್ಲಿ ಹೆಣ್ಣುಮಕ್ಕಳು ಏಕೆ ಕಡಿಮೆ, ಮುಖ್ಯ ನ್ಯಾಯಮೂರ್ತಿಯ ಕುರ್ಚಿಯ ಹತ್ತಿರ ಏಕೆ ಇನ್ನೂ ಕಡಿಮೆ ಎಂಬುದು ತಾನಾಗಿ ತಿಳಿಯುತ್ತದೆ. ಮಹಿಳೆ ಬೇಡ ಎಂದು ನೇಮಕಾತಿಯ ಯಾವ ನಿಯಮದಲ್ಲೂ ಬರೆದಿಲ್ಲ. ಆದರೆ ಶಿಫಾರಸಿನ ಕಾಗದಪತ್ರ ಸಿದ್ಧಪಡಿಸಲು ಕೂತ ನಮ್ಮಂಥವರಿಗೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ: ಒಂದೊಂದು ಹಂತದಲ್ಲೂ ಎರಡೋ ಮೂರೋ ವರ್ಷ ಕೈಬಿಟ್ಟು ಹೋಗುತ್ತವೆ. ಹಾಗೆ ಹೋದ ವರ್ಷಗಳು ಮುಂದೆಲ್ಲೂ ವಾಪಸ್ ಸಿಗುವುದಿಲ್ಲ.

2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂಶೋಧನಾ ವಿಭಾಗ ನ್ಯಾಯಾಂಗದ ಸ್ಥಿತಿಗತಿ ಕುರಿತ ವರದಿ ಹೊರತಂದಿತು. ಅದರ ಪ್ರಕಾರ ಜಿಲ್ಲಾ ನ್ಯಾಯಾಂಗದಲ್ಲಿ ಮಹಿಳೆಯರ ಪಾಲು ಶೇ 36.3, ಹೈಕೋರ್ಟ್‌ಗಳಲ್ಲಿ ಶೇ 13.4, ಸುಪ್ರೀಂ ಕೋರ್ಟ್‌ನಲ್ಲಿ ಶೇ 9.3. ಪರೀಕ್ಷೆ ಬರೆದು ಒಳಗೆ ಬರುವ ಕಡೆ ಹೆಣ್ಣುಮಕ್ಕಳು ಮೂರರಲ್ಲೊಂದು ಪಾಲು ದಾಟಿದ್ದಾರೆ. ಯಾರೋ ಹೆಸರು ಸೂಚಿಸಬೇಕಾದ ಕಡೆ ಏಳರಲ್ಲೊಬ್ಬರೂ ಇಲ್ಲ.

ಸಂವಿಧಾನದ 217ನೇ ವಿಧಿ ಕೇಳುವುದು ತೀರ ಕಡಿಮೆ. ಹೈಕೋರ್ಟ್‌ನಲ್ಲಿ ಹತ್ತು ವರ್ಷ ವಕೀಲಿಕೆ, ಇಲ್ಲವೇ ಹತ್ತು ವರ್ಷ ನ್ಯಾಯಾಂಗ ಹುದ್ದೆ. ಆಚರಣೆಯಲ್ಲಿ ಮಾತ್ರ ಬೇರೆ ಅಳತೆಗಳಿವೆ. ಬಾರ್‌ನಿಂದ (ಅಂದರೆ ವಕೀಲರ ಬಳಗದಿಂದ) ಬರುವವರ ವಯಸ್ಸು 45ರಿಂದ 55ರ ಒಳಗಿರಬೇಕು. ನ್ಯಾಯಾಂಗ ಅಧಿಕಾರಿಗಳಾದರೆ ಹುದ್ದೆ ಖಾಲಿಯಾಗುವ ದಿನಕ್ಕೆ 58½ ಮೀರಿರಬಾರದು. ಒಟ್ಟು ಹುದ್ದೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ಬಾರ್‌ಗೆ, ಮೂರನೇ ಒಂದು ಪಾಲು ನ್ಯಾಯಾಂಗ ಸೇವೆಯಲ್ಲಿರುವವರಿಗೆ. ಕರ್ನಾಟಕ ಹೈಕೋರ್ಟ್‌ಗೆ ಮಂಜೂರಾದ ಹುದ್ದೆ 62. ಅದರಲ್ಲಿ 47 ಕಾಯಂ, 15 ಹೆಚ್ಚುವರಿ. ಅಂದರೆ ಇಲ್ಲಿ ಸುಮಾರು ನಲವತ್ತು ಕುರ್ಚಿ ಬಾರ್‌ನ ಪಾಲಿನವು. ಹೆಣ್ಣುಮಕ್ಕಳು ಹೆಚ್ಚಿರುವುದು ಸೇವೆಯಲ್ಲಿ, ಕುರ್ಚಿಗಳು ಹೆಚ್ಚಿರುವುದು ಬಾರ್‌ಗೆ. ಮೊದಲ ಪೆಟ್ಟು ಬೀಳುವುದೇ ಇಲ್ಲಿ.

ಎರಡನೆಯ ಪೆಟ್ಟು ಅವಧಿಯದು. 46ಕ್ಕೆ ಬಾರ್‌ನಿಂದ ಬಂದವರಿಗೆ ಹದಿನಾರು ವರ್ಷ ಸಿಗುತ್ತದೆ. 27ಕ್ಕೆ ಸಿವಿಲ್ ನ್ಯಾಯಾಧೀಶೆಯಾಗಿ ಸೇರಿ, ಹಿರಿಯ ಸಿವಿಲ್ ನ್ಯಾಯಾಧೀಶೆಯಾಗಿ, ನಲವತ್ತರ ನಂತರ ಜಿಲ್ಲಾ ನ್ಯಾಯಾಧೀಶೆಯಾಗಿ, ಹಿರಿತನದ ಸರದಿ ಬಂದು ಹೈಕೋರ್ಟ್ ತಲುಪುವ ಹೊತ್ತಿಗೆ 57 ಆಗಿರುತ್ತದೆ. ಉಳಿಯುವುದು ಐದು ವರ್ಷ. ಐದು ವರ್ಷದಲ್ಲಿ ಯಾರೂ ಹಿರಿತನದ ಪಟ್ಟಿಯ ಮೇಲ್ತುದಿಗೆ ಹೋಗಲಾರರು. ಕರ್ನಾಟಕ ಹೈಕೋರ್ಟ್‌ನ ಮೊದಲ ಮಹಿಳಾ ನ್ಯಾಯಮೂರ್ತಿ ಮಂಜುಳಾ ಚೆಲ್ಲೂರ್ 1988ರಲ್ಲಿ ವಕೀಲಿಕೆಯಿಂದ ನೇರ ನೇಮಕಾತಿಯ ಮೂಲಕ ಜಿಲ್ಲಾ ನ್ಯಾಯಾಧೀಶರಾದವರು. 2000ರಲ್ಲಿ ಹೈಕೋರ್ಟ್‌ಗೆ ಬಂದಾಗ ಅವರಿಗೆ 44. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಮೂರೂ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಯಾದರು. ಬಿ.ವಿ. ನಾಗರತ್ನ ಬಾರ್‌ನಿಂದ 2008ರ ಫೆಬ್ರುವರಿಯಲ್ಲಿ ಬಂದಾಗ 45. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಗುಜರಾತ್ ಹೈಕೋರ್ಟ್‌ನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ ಸೋನಿಯಾ ಗೋಕಾಣಿಯವರಿಗೆ ಆ ಹುದ್ದೆಯಲ್ಲಿ ಸಿಕ್ಕಿದ್ದು ಹತ್ತೇ ದಿನ. 2023ರ ಫೆಬ್ರುವರಿ 16ರಂದು ಪ್ರಮಾಣವಚನ, 25ಕ್ಕೆ ನಿವೃತ್ತಿ. ಇವರ ಸಾಮರ್ಥ್ಯದಲ್ಲಿ ವ್ಯತ್ಯಾಸ ಹುಡುಕುವುದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಇರುವುದು ಹೈಕೋರ್ಟ್‌ಗೆ ಕಾಲಿಟ್ಟ ವಯಸ್ಸಿನಲ್ಲಿ.

ಹಾಗಾದರೆ 45ನೇ ವಯಸ್ಸಿಗೆ ಬಾರ್‌ನ ಒಬ್ಬ ಮಹಿಳೆಯ ಹೆಸರು ಕೊಲಿಜಿಯಂ ಮುಂದೆ ಬರಬೇಕಾದರೆ ಏನೇನು ಬೇಕು? ಹೈಕೋರ್ಟ್ ಕೊಲಿಜಿಯಂ ಎಂದರೆ ನೇಮಕಕ್ಕೆ ಹೆಸರು ಶಿಫಾರಸು ಮಾಡುವ ಮೂವರು: ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ಇಬ್ಬರು ಹಿರಿಯ ನ್ಯಾಯಮೂರ್ತಿಗಳು. ಅರ್ಜಿ ಹಾಕಿಕೊಳ್ಳುವ ಪದ್ಧತಿ ಇಲ್ಲ. ಆ ಮೂವರ ಕೋರ್ಟ್‌ಹಾಲ್‌ನಲ್ಲಿ ನಿಂತು ವಾದಿಸಿದ್ದನ್ನು ಅವರು ನೋಡಿರಬೇಕು, ಇಲ್ಲವೇ ನೋಡಿದವರು ಅವರಿಗೆ ಹೇಳಬೇಕು. ಒಮ್ಮೆ ಹೆಸರು ಬಂದಮೇಲೆ ಕೇಳುವ ಕಾಗದಗಳು ಇವು: ಜನ್ಮದಿನಾಂಕದ ದಾಖಲೆ, ವಕೀಲರ ಪರಿಷತ್ತಿನ ನೋಂದಣಿ ಪ್ರಮಾಣಪತ್ರ, ಹಿಂದಿನ ಐದು ವರ್ಷಗಳ ಆದಾಯ ತೆರಿಗೆ ರಿಟರ್ನ್, ತಾನು ವಾದಿಸಿದ ಪ್ರಕರಣಗಳ ತೀರ್ಪುಗಳ ಪಟ್ಟಿ ಮತ್ತು ಪ್ರತಿಗಳು, ನ್ಯಾಯಾಂಗದಲ್ಲಿ ಅಥವಾ ವಕೀಲಿಕೆಯಲ್ಲಿ ಇರುವ ಸಂಬಂಧಿಕರ ವಿವರ. ಐದು ವರ್ಷದ ಸರಾಸರಿ ನಿವ್ವಳ ವೃತ್ತಿ ಆದಾಯ ವರ್ಷಕ್ಕೆ ಕನಿಷ್ಠ 7 ಲಕ್ಷ ರೂಪಾಯಿ ಇರಬೇಕೆಂಬುದು ಹಲವು ವರ್ಷಗಳಿಂದ ನಡೆದುಬಂದ ಅಳತೆ.

ಹೆಚ್ಚಿನ ಕಡತಗಳು ಸೋಲುವುದು ಈ ಎರಡು ಕಾಗದಗಳಲ್ಲಿ, ರಿಟರ್ನ್ ಮತ್ತು ತೀರ್ಪಿನ ಪಟ್ಟಿಯಲ್ಲಿ. ಗಂಡ ಹೆಂಡತಿ ಇಬ್ಬರೂ ವಕೀಲರಾಗಿರುವ ಚೇಂಬರ್‌ಗಳಲ್ಲಿ ವಕಾಲತ್ತಿಗೆ ಇಬ್ಬರೂ ಸಹಿ ಹಾಕುತ್ತಾರೆ, ಫೀಸು ಒಂದೇ ಖಾತೆಗೆ ಹೋಗುತ್ತದೆ, ಆ ಖಾತೆ ಬಹಳ ಸಲ ಗಂಡನದು. ಹದಿನೈದು ವರ್ಷ ಡ್ರಾಫ್ಟಿಂಗ್ ಮಾಡಿದ, ವಾದಿಸಿದ ಹೆಣ್ಣುಮಗಳ ರಿಟರ್ನ್‌ನಲ್ಲಿ ಆದಾಯ ಮೂರು ಲಕ್ಷವೂ ಕಾಣುವುದಿಲ್ಲ. ಇದನ್ನು ಐವತ್ತನೇ ವಯಸ್ಸಿನಲ್ಲಿ ಸರಿಪಡಿಸಲಾಗದು, ಏಕೆಂದರೆ ಕೇಳುವುದು ಕಳೆದ ಐದು ವರ್ಷದ ಲೆಕ್ಕ. ನಲವತ್ತು ತುಂಬುವ ಮೊದಲೇ ಪ್ರತ್ಯೇಕ ಖಾತೆ, ಪ್ರತ್ಯೇಕ ರಸೀದಿ, ಪ್ರತ್ಯೇಕ ರಿಟರ್ನ್ ಇರಬೇಕು.

ತೀರ್ಪಿನ ಪಟ್ಟಿಯ ತೊಡಕು ಇನ್ನೂ ಸೂಕ್ಷ್ಮ. ಹೈಕೋರ್ಟ್ ತೀರ್ಪಿನ ಮೊದಲ ಪುಟದಲ್ಲಿ ಪಕ್ಷಕಾರರ ಹೆಸರಿನ ಕೆಳಗೆ 'ಶ್ರೀ ಇಂಥವರು, ಹಿರಿಯ ವಕೀಲರು, ಶ್ರೀಮತಿ ಇಂಥವರ ಪರವಾಗಿ' ಎಂದು ಬರುತ್ತದೆ. ಕಡತ ಓದಿ, ಟಿಪ್ಪಣಿ ಮಾಡಿ, ಎಷ್ಟೋ ದಿನ ತಾವೇ ನಿಂತು ವಾದಿಸಿದ ವಕೀಲೆ ಅಲ್ಲಿ ದಾಖಲೆಗೆ ಸಹಿ ಹಾಕಿದವರಷ್ಟೇ ಆಗಿ ಉಳಿಯುತ್ತಾರೆ. ವಾದ ಮಾಡಿದ್ದು ತಾವಾದರೆ ಹಾಗೆಂದೇ ದಾಖಲಾಗುವಂತೆ ಅದೇ ದಿನ ಕೋರ್ಟ್ ಅಧಿಕಾರಿಗೆ ಹೇಳಬೇಕು. ತಪ್ಪಾಗಿ ಅಚ್ಚಾದರೆ ಪೀಠದ ಮುಂದೆ ಪ್ರಸ್ತಾಪಿಸಿ (ಮೆನ್ಷನ್ ಮಾಡಿ) ತಿದ್ದಿಸಬೇಕು. ಇದನ್ನು ಕೇಳಿಕೊಳ್ಳಲು ಸಂಕೋಚಪಡುವವರು ಬಹಳ. ಸಂಕೋಚಕ್ಕೆ ಕೊಡುವ ಬೆಲೆ ಹದಿನೈದು ವರ್ಷದ ನಂತರ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಕೌಟುಂಬಿಕ ವ್ಯಾಜ್ಯ, ಮೋಟಾರು ಅಪಘಾತ ಪರಿಹಾರದ ಮೇಲ್ಮನವಿಗಳೇ ತುಂಬಿದ್ದರೂ ಕಷ್ಟ. ರಿಟ್, ತೆರಿಗೆ, ಭೂಸ್ವಾಧೀನ, ಮಧ್ಯಸ್ಥಿಕೆ ಪ್ರಕರಣಗಳು ನಾಲ್ಕಾದರೂ ಬೇಕು. ಕಕ್ಷಿದಾರರು ಆ ಪ್ರಕರಣಗಳನ್ನು ಹೆಣ್ಣುಮಕ್ಕಳಿಗೆ ಒಪ್ಪಿಸುವುದು ಇಂದಿಗೂ ಕಡಿಮೆ. ಹಾಗಾಗಿ ಸರ್ಕಾರಿ ವಕೀಲರ ಹುದ್ದೆಗೆ, ನಿಗಮ ಮಂಡಳಿಗಳ ಪ್ಯಾನೆಲ್‌ಗೆ ಇಷ್ಟು ತೂಕ. ಹೈಕೋರ್ಟ್ ಸರ್ಕಾರಿ ಪ್ಲೀಡರ್ ಆಗಿ ಮೂರು ವರ್ಷ ನಿಂತವರ ಧ್ವನಿ ಹೆಚ್ಚೂಕಡಿಮೆ ಎಲ್ಲ ಪೀಠಗಳಿಗೂ ಪರಿಚಯವಾಗಿರುತ್ತದೆ. ನೇಮಕದ ಅಧಿಕಾರ ಇರುವ ಸರ್ಕಾರ ಈ ಹುದ್ದೆಗಳಲ್ಲಿ ಮಹಿಳೆಯರನ್ನು ಕೆಳಗಿನ ಮಟ್ಟದಲ್ಲೇ ನಿಲ್ಲಿಸದೆ ಹೆಚ್ಚುವರಿ ಅಡ್ವೊಕೇಟ್ ಜನರಲ್ ಮಟ್ಟಕ್ಕೆ ಏರಿಸಿದರೆ ಕೊಲಿಜಿಯಂನ ಅರ್ಧ ಕೆಲಸ ಮುಗಿದಂತೆ.

ಕೋರ್ಟ್ ಕೊಡುವ ಹಿರಿಯ ವಕೀಲರ ಪದನಾಮ ಇನ್ನೊಂದು ಮೆಟ್ಟಿಲು. 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ನೂರು ಅಂಕಗಳ ಪದ್ಧತಿ ತಂದಿತು. 2025ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ನಿರ್ಧಾರವನ್ನು ಪೂರ್ಣ ನ್ಯಾಯಾಲಯಕ್ಕೆ, ಅಂದರೆ ಎಲ್ಲ ನ್ಯಾಯಮೂರ್ತಿಗಳೂ ಕೂಡುವ ಸಭೆಗೆ ಬಿಟ್ಟಿತು. ಅಂಕ ಪದ್ಧತಿಗೆ ದೋಷಗಳಿದ್ದವು ನಿಜ. ಆದರೆ ಪರಿಚಯದ ಬಲವಿಲ್ಲದವರಿಗೆ ತೋರಿಸಿಕೊಳ್ಳಲು ಒಂದು ಕಾಗದವಾದರೂ ಇತ್ತು.

ಇನ್ನು ಒಪ್ಪಿಗೆಯ ಮಾತು. ಮುಖ್ಯ ನ್ಯಾಯಮೂರ್ತಿ ಕರೆಸಿ, ನಿಮ್ಮ ಹೆಸರು ಕಳಿಸಬಹುದೇ ಎಂದು ಕೇಳುತ್ತಾರೆ. 2021ರ ಏಪ್ರಿಲ್‌ನಲ್ಲಿ ಆಗಿನ ಭಾರತದ ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ವಿಚಾರಣೆಯ ನಡುವೆ, ಮನೆಯ ಜವಾಬ್ದಾರಿ, ಮಕ್ಕಳ ಹನ್ನೆರಡನೇ ತರಗತಿ ಎಂದು ಹೇಳಿ ಅನೇಕ ವಕೀಲೆಯರು ಒಪ್ಪುತ್ತಿಲ್ಲವೆಂದು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳು ತಿಳಿಸಿದ್ದಾರೆ ಎಂದರು. ಆ ಮಾತಿಗೆ ಮಹಿಳಾ ವಕೀಲರಿಂದ ಬಂದ ಆಕ್ಷೇಪ ಸರಿಯಾದದ್ದೇ. ಗಂಡಸರೂ ನಿರಾಕರಿಸುತ್ತಾರೆ, ಆದಾಯ ಕಡಿಮೆಯಾಗುತ್ತದೆಂದು. ತಿಂಗಳಿಗೆ 2.25 ಲಕ್ಷ ರೂಪಾಯಿ ಸಂಬಳ ದೊಡ್ಡ ವಕೀಲರ ಒಂದೆರಡು ದಿನದ ಫೀಸು. ಅವರ ನಿರಾಕರಣೆಯನ್ನು ಯಾರೂ ಗಂಡಸರ ಸ್ವಭಾವ ಎನ್ನುವುದಿಲ್ಲ, ಇನ್ನೊಬ್ಬ ಗಂಡಸನ್ನು ಕೇಳುತ್ತಾರೆ. ಹೆಣ್ಣುಮಗಳೊಬ್ಬಳು ಬೇಡವೆಂದರೆ ಇನ್ನೊಬ್ಬಳನ್ನು ಹುಡುಕುವ ಶ್ರಮ ಅಲ್ಲಿಗೇ ನಿಲ್ಲುವುದುಂಟು.

ಒಪ್ಪುವ ಮೊದಲು ಕೇಳಿ ತಿಳಿದುಕೊಳ್ಳಬೇಕಾದ ಪ್ರಾಯೋಗಿಕ ಸಂಗತಿಗಳು ಮೂರ್ನಾಲ್ಕಿವೆ. ಗಂಡ ಅಥವಾ ಹತ್ತಿರದ ಸಂಬಂಧಿ ಅದೇ ಕೋರ್ಟ್‌ನಲ್ಲಿ ವಕೀಲರಾಗಿದ್ದರೆ ತಮ್ಮ ಪೀಠದ ಮುಂದೆ ಅವರು ಬರುವಂತಿಲ್ಲ. ಬೇರೆ ಹೈಕೋರ್ಟ್‌ಗೆ ವರ್ಗದ ಮಾತೂ ಏಳಬಹುದು, ಏಕೆಂದರೆ 222ನೇ ವಿಧಿಯಡಿ ವರ್ಗಕ್ಕೆ ನ್ಯಾಯಮೂರ್ತಿಯ ಸಮ್ಮತಿ ಕಡ್ಡಾಯವಲ್ಲ. ಕಾಯಂ ಆದಮೇಲೆ 220ನೇ ವಿಧಿಯ ಪ್ರಕಾರ ಅದೇ ಹೈಕೋರ್ಟ್‌ನಲ್ಲಿ ಮತ್ತೆ ವಕೀಲಿಕೆ ಮಾಡುವಂತಿಲ್ಲ. ಕರ್ನಾಟಕದಲ್ಲಾದರೆ ಧಾರವಾಡ, ಕಲಬುರಗಿ ಪೀಠಗಳಿಗೆ ಸರದಿಯಂತೆ ಹೋಗಬೇಕು. ಇವೆಲ್ಲ ಗಂಡಸರಿಗೂ ಒಂದೇ. ಆದರೆ ಮನೆಯಲ್ಲಿ ವಯಸ್ಸಾದವರನ್ನು, ಓದುವ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಯಾರದೆಂಬುದು ಒಂದೇ ಅಲ್ಲ. ಒಂದು ಭೇಟಿಯಲ್ಲಿ ಉತ್ತರ ಕೇಳದೆ ಹದಿನೈದು ದಿನ ಕಾಲಾವಕಾಶ ಕೊಟ್ಟು, ವರ್ಗದ ವಿಷಯ ಮೊದಲೇ ಬಿಡಿಸಿ ಹೇಳಿದರೆ ಒಪ್ಪುವವರ ಸಂಖ್ಯೆ ಹೆಚ್ಚುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹುದ್ದೆ ಖಾಲಿಯಾಗುವ ಆರು ತಿಂಗಳ ಮೊದಲೇ ಹೆಸರು ಕಳಿಸಬೇಕೆಂದು ನೇಮಕಾತಿ ಪ್ರಕ್ರಿಯೆಯ ದಾಖಲೆ ಹೇಳುತ್ತದೆ. ಹೈಕೋರ್ಟ್‌ನಿಂದ ಹೊರಟ ಕಡತ ಮುಖ್ಯಮಂತ್ರಿ ಮತ್ತು ರಾಜ್ಯಪಾಲರಿಗೆ, ಕೇಂದ್ರ ಕಾನೂನು ಸಚಿವರಿಗೆ ಹೋಗುತ್ತದೆ. ರಾಜ್ಯಕ್ಕೆ ಆರು ವಾರ. ಅಷ್ಟರಲ್ಲಿ ಉತ್ತರ ಬರದಿದ್ದರೆ ಹೇಳುವುದೇನೂ ಇಲ್ಲವೆಂದು ಕೇಂದ್ರ ಭಾವಿಸಬಹುದು. ನಂತರ ಗುಪ್ತಚರ ದಳದ ವರದಿ. ಅಲ್ಲಿಂದ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರ ಕೊಲಿಜಿಯಂಗೆ. ಅವರು ಆ ಹೈಕೋರ್ಟ್ ಬಲ್ಲ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಅಭಿಪ್ರಾಯ ಕೇಳುತ್ತಾರೆ. 2024ರ ಡಿಸೆಂಬರ್‌ನಿಂದೀಚೆಗೆ ಅಭ್ಯರ್ಥಿಗಳನ್ನು ಕರೆಸಿ ಮಾತನಾಡಿಸುವ ಕ್ರಮವೂ ಶುರುವಾಗಿದೆ. ಆಮೇಲೆ ಕಾನೂನು ಸಚಿವಾಲಯ, ಪ್ರಧಾನಿ, ರಾಷ್ಟ್ರಪತಿ, ಗೆಜೆಟ್ ಅಧಿಸೂಚನೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗುಪ್ತಚರ ವರದಿಗೆ ನಾಲ್ಕರಿಂದ ಆರು ವಾರ, ಕೇಂದ್ರಕ್ಕೆ ಅಲ್ಲಿಂದ ಎಂಟರಿಂದ ಹನ್ನೆರಡು ವಾರ, ಸರ್ಕಾರ ಹಿಂದಿರುಗಿಸಿದ ಹೆಸರನ್ನು ಕೊಲಿಜಿಯಂ ಪುನರುಚ್ಚರಿಸಿದರೆ ಮೂರರಿಂದ ನಾಲ್ಕು ವಾರ ಎಂದು ಗಡುವು ಹಾಕಿತು. ಗಡುವು ಮೀರಿದರೆ ಏನು ಎಂಬುದಕ್ಕೆ ಉತ್ತರವಿಲ್ಲ. ಒಟ್ಟಿಗೆ ಹೋದ ಐದು ಹೆಸರಲ್ಲಿ ಮೂರು ಮೊದಲು ಹೊರಬಂದು ಇನ್ನೆರಡು ಹೆಸರು ವರ್ಷಗಟ್ಟಲೆ ಸಿಕ್ಕಿಕೊಂಡರೆ, ಆ ಇಬ್ಬರ ಹಿರಿತನ ಹೋಯಿತು. ಹಿರಿತನ ನಿಲ್ಲುವುದು ಪ್ರಮಾಣವಚನದ ದಿನಾಂಕದ ಮೇಲೆ. ತಡವಾಗಿ ಹೆಸರು ಹೋದವರಿಗೆ, ಅಂದರೆ ಬಹುಪಾಲು ಹೆಣ್ಣುಮಕ್ಕಳಿಗೆ, ಈ ವಿಳಂಬ ಎರಡು ಪಟ್ಟು ತಟ್ಟುತ್ತದೆ.

ಸೇವೆಯ ದಾರಿಯ ಕಷ್ಟ ಬೇರೆ ರೀತಿಯದು. ಅಲ್ಲಿ ಪ್ರತಿ ವರ್ಷದ ಗೋಪ್ಯ ವರದಿ, ಮುಗಿಸಿದ ಪ್ರಕರಣಗಳಿಗೆ ಲೆಕ್ಕ ಹಾಕುವ ವಿಲೇವಾರಿಯ ಯೂನಿಟ್, ಹೈಕೋರ್ಟ್‌ನ ಆಡಳಿತಾತ್ಮಕ ನ್ಯಾಯಮೂರ್ತಿಯ ಅಭಿಪ್ರಾಯ, ಎಲ್ಲವೂ ಸೇವಾ ಕಡತದಲ್ಲಿ ಕೂರುತ್ತವೆ. ಮಧ್ಯಪ್ರದೇಶದಲ್ಲಿ 2023ರಲ್ಲಿ ಆರು ಮಂದಿ ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಕೆಲಸದಿಂದ ತೆಗೆದರು. ನಾಲ್ವರನ್ನು ಹೈಕೋರ್ಟೇ ಮರುಪರಿಶೀಲಿಸಿ ವಾಪಸ್ ತೆಗೆದುಕೊಂಡಿತು. ಉಳಿದ ಇಬ್ಬರ ವಜಾವನ್ನು 2025ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ಅವರಲ್ಲೊಬ್ಬರಿಗೆ ಆ ಅವಧಿಯಲ್ಲಿ ಗರ್ಭಪಾತವಾಗಿತ್ತು. ಅಂಕಿಸಂಖ್ಯೆ ನೋಡಿದವರು ಅದನ್ನು ನೋಡಿರಲಿಲ್ಲ. ಅದೇ ರಾಜ್ಯದ ಒಬ್ಬ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶೆ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಮೇಲೆ ಕಿರುಕುಳದ ದೂರು ಹೇಳಿದ್ದರು. ಮಗಳ ಓದಿನ ವರ್ಷದ ನಡುವೆಯೇ ದೂರದ ಊರಿಗೆ ವರ್ಗವಾಗಿ 2014ರಲ್ಲಿ ರಾಜೀನಾಮೆ ಕೊಟ್ಟಿದ್ದರು. ವಿಚಾರಣಾ ಸಮಿತಿ ಕಿರುಕುಳ ಸಾಬೀತಾಗಿಲ್ಲವೆಂದರೂ ವರ್ಗಾವಣೆಯನ್ನು ಒಪ್ಪಲಿಲ್ಲ. 2022ರ ಫೆಬ್ರುವರಿ 10ರಂದು ಸುಪ್ರೀಂ ಕೋರ್ಟ್ ಆ ರಾಜೀನಾಮೆ ಸ್ವಇಚ್ಛೆಯದಲ್ಲವೆಂದು ಹೇಳಿ ಅವರನ್ನು ಮರಳಿ ಸೇರಿಸಿತು. ಅಷ್ಟರಲ್ಲಿ ಸುಮಾರು ಏಳೂವರೆ ವರ್ಷ ಹೋಗಿತ್ತು. ವರ್ಗಾವಣೆ ಆದೇಶ, ಮನವಿ, ತಿರಸ್ಕಾರ ಮೂರನ್ನೂ ಬರವಣಿಗೆಯಲ್ಲೇ ಇಟ್ಟುಕೊಂಡದ್ದು ಅವರ ನೆರವಿಗೆ ಬಂತು. ಇಂಥ ಸ್ಥಿತಿಯಲ್ಲಿರುವ ಯಾವ ಅಧಿಕಾರಿಯೂ ಬಾಯಿಮಾತಿನ ಭರವಸೆಗೆ ನಿಲ್ಲಬಾರದು.

2025ರ ಮೇ 20ರ ತೀರ್ಪು ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಕೋರ್ಟ್‌ನ ಅನುಭವ ಬೇಕೆಂಬುದರಲ್ಲಿ ತಪ್ಪಿಲ್ಲ. ಆದರೆ ತಾಲ್ಲೂಕು ಕೋರ್ಟ್‌ಗಳಲ್ಲಿ ಜೂನಿಯರ್‌ಗೆ ಸಿಗುವ ಹಣ ಬಸ್ಸಿಗೂ ಸಾಲದು. ಶೌಚಾಲಯವೇ ಸರಿಯಿಲ್ಲದ ಕಡೆ ಮೂರು ವರ್ಷ ಕಳೆಯಬೇಕಾದ ಹುಡುಗಿಯರನ್ನು ಮನೆಯವರು ಎಷ್ಟು ದಿನ ಕಳಿಸುತ್ತಾರೆ? ಜಿಲ್ಲಾ ನ್ಯಾಯಾಲಯ ಸಂಕೀರ್ಣಗಳಲ್ಲಿ ಶೇ 19.7ರಷ್ಟರಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ ಇಲ್ಲವೆಂದು ಮೇಲೆ ಹೇಳಿದ ವರದಿಯೇ ಒಪ್ಪಿಕೊಂಡಿದೆ. ಎಲ್ಲ ನ್ಯಾಯಾಲಯಗಳಲ್ಲಿ ಶೌಚಾಲಯ ಒದಗಿಸಿ ಎಂಬ ಸುಪ್ರೀಂ ಕೋರ್ಟ್ ಆದೇಶ ಬಂದದ್ದು 2025ರ ಜನವರಿ 15ರಂದು. ಮೂರು ವರ್ಷದ ವಕೀಲಿಕೆ ಕೇಳಿದ ತೀರ್ಪಿನ ಇನ್ನೊಂದು ಭಾಗ ಮಾತ್ರ ಉಪಕಾರದ್ದು: ಸೇವೆಯಲ್ಲಿರುವ ನ್ಯಾಯಾಧೀಶರಿಗಷ್ಟೇ ನಡೆಸುವ ಸೀಮಿತ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಜಿಲ್ಲಾ ನ್ಯಾಯಾಧೀಶರಾಗುವ ಪಾಲನ್ನು ಮೇ 20ರ ಆ ತೀರ್ಪು ಶೇ 10ರಿಂದ 25ಕ್ಕೆ ಏರಿಸಿದೆ. ಹಿರಿತನದ ಸರದಿಗೆ ಕಾಯದೆ ಐದಾರು ವರ್ಷ ಉಳಿಸಲು ಸೇವೆಯಲ್ಲಿರುವ ಹೆಣ್ಣುಮಕ್ಕಳಿಗೆ ಇರುವ ಒಳ್ಳೆಯ ದಾರಿ ಇದೇ. ಮಕ್ಕಳು ಚಿಕ್ಕವರೆಂದು ಈ ಪರೀಕ್ಷೆಯನ್ನು ಮುಂದೂಡಬಾರದು.

ಪ್ರಮಾಣವಚನವಾದ ಮೇಲೂ ಎರಡು ವರ್ಷ ಹೆಚ್ಚುವರಿ ನ್ಯಾಯಮೂರ್ತಿಯೇ. ಕಾಯಂ ಮಾಡುವಾಗ ತೀರ್ಪುಗಳ ಗುಣಮಟ್ಟ, ವಿಲೇವಾರಿ ಎರಡೂ ನೋಡುತ್ತಾರೆ. ಯಾರಿಗೆ ಯಾವ ಪ್ರಕರಣ ಎಂಬ ರೋಸ್ಟರ್ ಮುಖ್ಯ ನ್ಯಾಯಮೂರ್ತಿಯ ಕೈಯಲ್ಲಿದೆ. ಕೌಟುಂಬಿಕ ಮೇಲ್ಮನವಿ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ), ಅಪಘಾತ ಪರಿಹಾರ ಮಹಿಳಾ ನ್ಯಾಯಮೂರ್ತಿಗಳಿಗೆ ಸಹಜವಾಗಿ ಹೊಂದುತ್ತದೆಂಬ ಭಾವನೆ ಇದೆ. ಅದನ್ನು ಗೌರವವೆಂದು ಭಾವಿಸಿ ಕೊಟ್ಟರೂ ಪರಿಣಾಮ ಒಂದೇ: ಸಂವಿಧಾನ, ತೆರಿಗೆ, ವಾಣಿಜ್ಯ ಕುರಿತ ಉಲ್ಲೇಖಾರ್ಹ ತೀರ್ಪುಗಳು ಅವರ ಹೆಸರಿನಲ್ಲಿ ಕಡಿಮೆಯಾಗುತ್ತವೆ, ಸುಪ್ರೀಂ ಕೋರ್ಟ್‌ಗೆ ಹೆಸರು ಚರ್ಚೆಯಾಗುವಾಗ ಆ ಕೊರತೆ ಎದ್ದು ಕಾಣುತ್ತದೆ. ಇಬ್ಬರು ಕೂರುವ ವಿಭಾಗೀಯ ಪೀಠದಲ್ಲಿ ಕಿರಿಯ ನ್ಯಾಯಮೂರ್ತಿಯಾಗಿ ಕೂತಾಗ ವಕೀಲರ ಕಣ್ಣು ಹಿರಿಯರ ಮೇಲೇ ಇರುತ್ತದೆ. ಕಿರಿಯರು ಮಹಿಳೆಯಾದರೆ ಅವರ ಪ್ರಶ್ನೆಗೂ ಉತ್ತರವನ್ನು ಪಕ್ಕದವರಿಗೆ ಹೇಳುವ ಚಾಳಿ ಬಾರ್‌ನಲ್ಲಿ ಇನ್ನೂ ಹೋಗಿಲ್ಲ. ಹಿರಿಯ ನ್ಯಾಯಮೂರ್ತಿ ಒಮ್ಮೆ, ಪ್ರಶ್ನೆ ಕೇಳಿದವರಿಗೆ ಉತ್ತರಿಸಿ ಎಂದರೆ ಸಾಕು, ಆ ಕೋರ್ಟ್‌ಹಾಲ್‌ನಲ್ಲಿ ಅದು ನಿಲ್ಲುತ್ತದೆ.

ಮಹಿಳೆ ಕೂತ ತಕ್ಷಣ ತೀರ್ಪು ಸರಿಹೋಗುತ್ತದೆ ಎಂದು ನಂಬಬೇಕಿಲ್ಲ. ಲೈಂಗಿಕ ದೌರ್ಜನ್ಯವೆನ್ನಲು ಚರ್ಮಕ್ಕೆ ಚರ್ಮ ತಾಗಿರಬೇಕೆಂದು ಪೋಕ್ಸೋ ಪ್ರಕರಣದಲ್ಲಿ ಹೇಳಿದ 2021ರ ಜನವರಿಯ ತೀರ್ಪು ಬಾಂಬೆ ಹೈಕೋರ್ಟ್‌ನ ಮಹಿಳಾ ಹೆಚ್ಚುವರಿ ನ್ಯಾಯಮೂರ್ತಿಯದು; ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಅವರು ಕಾಯಂ ಆಗಲೇ ಇಲ್ಲ. ಆರೋಪಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಜಾಮೀನಿಗೆ ಷರತ್ತು ಹಾಕಿದ ಮಧ್ಯಪ್ರದೇಶ ಹೈಕೋರ್ಟ್ ಆದೇಶವನ್ನು 2021ರ ಮಾರ್ಚ್ 18ರಂದು ತಳ್ಳಿಹಾಕುವಾಗ ಸುಪ್ರೀಂ ಕೋರ್ಟ್ ಗಂಡು ಹೆಣ್ಣು ಎನ್ನದೆ ಎಲ್ಲ ನ್ಯಾಯಾಧೀಶರಿಗೂ ತರಬೇತಿ ಬೇಕೆಂದು ಹೇಳಿತು. ಕರ್ನಾಟಕ ಹೈಕೋರ್ಟ್‌ನ ವಿಚಾರಣೆಯಲ್ಲಿ ವಕೀಲೆಯೊಬ್ಬರ ಕುರಿತು ಬಂದ ಮಾತಿನ ವಿಡಿಯೊ 2024ರ ಸೆಪ್ಟೆಂಬರ್‌ನಲ್ಲಿ ಹರಡಿ, ಸುಪ್ರೀಂ ಕೋರ್ಟ್‌ನ ಐವರ ಪೀಠ ತಾನಾಗಿ ಕೈಗೆತ್ತಿಕೊಂಡು, ನ್ಯಾಯಮೂರ್ತಿ ವಿಷಾದ ವ್ಯಕ್ತಪಡಿಸಿದ ಮೇಲೆ ಮುಗಿಸಿತು. ನೇರಪ್ರಸಾರ ಇಲ್ಲದ ಕಾಲದಲ್ಲಿ ಅಂಥ ಮಾತಿಗೆ ಸಾಕ್ಷಿ ಎಲ್ಲಿರುತ್ತಿತ್ತು?

ಪೀಠದ ಒಳಗಿನ ಸಮತೋಲ ನಿಜಕ್ಕೂ ಬದಲಾಗುವುದು ಕೊಲಿಜಿಯಂನ ಮೂರು ಕುರ್ಚಿಗಳಲ್ಲಿ ಒಂದಾದರೂ ಮಹಿಳೆಗೆ ಬಂದಾಗ. ಬೇರೆ ಹೈಕೋರ್ಟ್‌ಗೆ ವರ್ಗವಾದರೂ ಹಿರಿತನ ಮೊದಲ ನೇಮಕದ ದಿನದಿಂದಲೇ ಎಣಿಕೆಯಾಗುವುದರಿಂದ, ಹೊರಗಿನಿಂದ ಬಂದವರೂ ನೇರವಾಗಿ ಆ ಕುರ್ಚಿಗೆ ಬರಬಹುದು. ಹಾಗೆ ಕೂತವರು ಮಾಡಬಹುದಾದ ಮೊದಲ ಕೆಲಸ ಸರಳ: ಬಾರ್‌ನಲ್ಲಿ 43ರಿಂದ 48ರ ನಡುವಿನ, ಸ್ವತಂತ್ರವಾಗಿ ವಾದಿಸುವ ವಕೀಲೆಯರ ಪಟ್ಟಿಯನ್ನು ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆಯಿಂದ ತರಿಸಿ, ಮುಂದಿನ ಎರಡು ವರ್ಷದಲ್ಲಿ ಖಾಲಿಯಾಗುವ ಹುದ್ದೆಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡುವುದು. ಕಳಿಸುವ ಪ್ರತಿ ಗುಂಪಿನಲ್ಲೂ ಕನಿಷ್ಠ ಎರಡು ಹೆಸರು ಆ ಪಟ್ಟಿಯವಾಗಿರಬೇಕು. ಒಂದೇ ಹೆಸರು ಇದ್ದರೆ ಅದು ದೆಹಲಿಯಲ್ಲಿ ಸಿಕ್ಕಿಕೊಂಡಾಗ ಇಡೀ ಗುಂಪು ಗಂಡಸರದ್ದೇ ಆಗಿ ಹೊರಬರುತ್ತದೆ.